ಒಂದು ಹುಳ, ಎರಡು ಹೆಸರು

ಒಂದು ಹುಳಕ್ಕೆ ಯಾವ ಹೆಸರಿಡಬೇಕು ಅನ್ನೋ ಪ್ರಶ್ನೆಯ ಮೇಲೆ ಇಡೀ ನದಿಗೆ ವಿಷ ಹಾಕಬೇಕಾ ಬೇಡವಾ ಅನ್ನೋದು ನಿಂತಿದ್ರೆ? ನಾರ್ವೆಯಲ್ಲಿ ಆಗಿದ್ದು ಅದೇ.

ಹುಳದ ಹೆಸರು ಗೈರೋಡ್ಯಾಕ್ಟೈಲಸ್ ಸಲಾರಿಸ್. ಉದ್ದ ಅರ್ಧ ಮಿಲಿಮೀಟರ್ ಇರಬಹುದು. ಮೀನಿನ ಮೈಮೇಲೆ ಕೊಕ್ಕೆ ಹಾಕಿ ಕೂತು, ಚರ್ಮವನ್ನೇ ಮೇಯುವ ಚಪ್ಪಟೆ ಹುಳ. ಇದು ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಹುಟ್ಟೋ ಮರಿಯ ಹೊಟ್ಟೆಯಲ್ಲಿ ಆಗಲೇ ಇನ್ನೊಂದು ಮರಿ ಬೆಳೀತಿರುತ್ತೆ! ಹಾಗಾಗಿ ಒಂದೇ ಒಂದು ಹುಳ ಬಂದರೂ ಸಾಕು, ಸಂಸಾರ ದೊಡ್ಡದಾಗುತ್ತೆ.

1957ರಲ್ಲಿ ಸ್ವೀಡನ್ನಿನ ಮಾಲ್ಮ್‌ಬರ್ಗ್ ಇದನ್ನು ಸಾಲ್ಮನ್ ಮೀನಿನ ಮೇಲೆ ಗುರುತಿಸಿ ಹೆಸರಿಟ್ಟರು. ಬಾಲ್ಟಿಕ್ ಕಡೆಯ ಸಾಲ್ಮನ್‌ಗಳು ಹೆಚ್ಚಾಗಿ ಈ ಹುಳವನ್ನು ತಾಳಿಕೊಳ್ಳುತ್ತವೆ. ಆದರೆ ಸ್ವೀಡನ್ನಿನಿಂದ ತಂದ ಸಾಕಣೆ ಮೀನುಗಳ ಜೊತೆ ಅದು ನಾರ್ವೆಗೆ ಬಂತು, 1975ರಲ್ಲಿ ಅಲ್ಲಿ ಮೊದಲ ಸಲ ಪತ್ತೆಯಾಯ್ತು. ಅಲ್ಲಿನ ಅಟ್ಲಾಂಟಿಕ್ ಸಾಲ್ಮನ್ ಮರಿಗಳಿಗೆ ಅದನ್ನು ತಡೆಯೋ ಶಕ್ತಿ ಇರಲಿಲ್ಲ. ಮುಂದೆ ಸುಮಾರು 50 ನದಿಗಳಿಗೆ ಹುಳ ಹರಡಿತು. ಸರ್ಕಾರ ಹಿಡಿದ ದಾರಿ ಕಠಿಣ: ನದಿಗೇ ರೋಟೆನೋನ್ ಹಾಕಿ ಎಲ್ಲಾ ಮೀನನ್ನೂ ಕೊಲ್ಲೋದು. ಮೀನಿಲ್ಲದೆ ಹುಳ ಬದುಕಲ್ಲ.

ಸಮಸ್ಯೆ ಇಲ್ಲೇ. 1960ರಲ್ಲಿ ಗ್ರೇಲಿಂಗ್ ಅನ್ನೋ ಮೀನಿನ ಮೇಲಿದ್ದ ಹುಳಕ್ಕೆ ಥೈಮಲ್ಲಿ ಅನ್ನೋ ಬೇರೆ ಹೆಸರು ಬಂದಿತ್ತು. ನದಿಯಲ್ಲಿ ಹುಳ ಸಿಕ್ಕಾಗ ಅದು ಸಲಾರಿಸ್ಸೋ ಥೈಮಲ್ಲಿಯೋ ಅಂತ ಹೇಳೋದು ಹೇಗೆ? ಹಳೇ ಪದ್ಧತಿ ಅಂದ್ರೆ ಹುಳದ ಹಿಂಬದಿಯ ಎರಡು ದೊಡ್ಡ ಕೊಕ್ಕೆ, ಅಂಚಿನ 16 ಸಣ್ಣ ಕೊಕ್ಕೆಗಳನ್ನು ಮೈಕ್ರೋಸ್ಕೋಪಿನಲ್ಲಿ ಅಳೆಯೋದು. ಆದರೆ ನೀರಿನ ಬಿಸಿ ಹೆಚ್ಚು ಕಡಿಮೆ ಆದ್ರೆ ಕೊಕ್ಕೆಯ ಅಳತೆಯೂ ಬದಲಾಗುತ್ತೆ. ಅಳತೆ ನಂಬಿ ನದಿಯ ಹಣೆಬರಹ ಬರೆಯೋದು ಹೇಗೆ?

ಡಿಎನ್ಎ ಬಂದ ಮೇಲೆ ಜಗಳ ಮುಗಿಯುತ್ತೆ ಅಂದುಕೊಂಡರು. ಜಾತಿ ಗುರುತಿಸೋಕೆ ಸಾಮಾನ್ಯವಾಗಿ ನೋಡೋ ಐಟಿಎಸ್ ಅನ್ನೋ ಭಾಗ ಎರಡರಲ್ಲೂ ಒಂದೇ ಥರ ಇತ್ತು. ತಾಯಿಯಿಂದ ಬರೋ ಮೈಟೋಕಾಂಡ್ರಿಯಾದ ಜೀನ್‌ಗಳನ್ನು ನೋಡಿದ್ರೆ ವ್ಯತ್ಯಾಸಗಳೇನೋ ಸಿಕ್ಕವು; ಆದರೆ ಆ ಗುಂಪುಗಳು ಸಲಾರಿಸ್, ಥೈಮಲ್ಲಿ ಅಂತ ನೀಟಾಗಿ ಎರಡು ಪಾಲಾಗಲಿಲ್ಲ. ಎರಡೂ ಒಂದೇ ಜಾತಿ ಅಂತ ಈಗ ಹಲವು ಸಂಶೋಧಕರು ವಾದಿಸ್ತಾರೆ.

ಸರಿ, ಒಂದೇ ಅನ್ನೋಣ. ಹಾಗಂತ ಗ್ರೇಲಿಂಗ್ ಇರೋ ನದಿಗೆಲ್ಲಾ ವಿಷ ಹಾಕೋಕಾಗುತ್ತಾ? ಡೆನ್ಮಾರ್ಕಿನ ರೈನ್‌ಬೋ ಟ್ರೌಟ್ ಮೀನುಗಳ ಮೇಲೆ ಸಿಕ್ಕ ಸಲಾರಿಸ್ ತಳಿಯೊಂದು ಸಾಲ್ಮನ್‌ಗೆ ಅಷ್ಟೇನೂ ತೊಂದರೆ ಕೊಡಲಿಲ್ಲ. ಅಂದ್ರೆ ಹೆಸರು ಅದೇ ಇದ್ದರೂ ಗುಣ ಬೇರೆ. ಕೊಕ್ಕೆಯಾಗಲಿ ಜೀನ್ ಆಗಲಿ ಹೇಳೋದು ಹುಳ ಯಾರ ಸಂಬಂಧಿ ಅಂತ. ಅದು ಈ ನದಿಯ ಮೀನನ್ನು ಕೊಲ್ಲುತ್ತಾ ಅಂತ ತಿಳಿಯೋಕೆ ಮೀನಿನ ಮೇಲೇ ಬಿಟ್ಟು ನೋಡಬೇಕು. ವಿಷದ ಡಬ್ಬಿ ತೆರೆಯೋ ಮೊದಲು ಕೇಳಬೇಕಾದ ಪ್ರಶ್ನೆ ಅದು.