ಅಂಡಾಣುವಿನ ತಡೆ ಹಾಗೂ ಕೃತಕ ಗರ್ಭಧಾರಣೆಯ ಸಕಾಲ

ಬೆದೆಗೆ ಬಂದ ಹಸುವಿಗೆ ಸಕಾಲದಲ್ಲಿ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬ ಸಲಹೆಗೆ ಅಂಡಾಣುವಿನ ಸ್ವಭಾವವೇ ಆಧಾರವಾಗಿರುತ್ತದೆ.

ಎರಡು ತಡೆಗಳು
ಹೆಣ್ಣುಕರು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಣುಗಳು ಮಿಯಾಸಿಸ್ ಕೋಶವಿಭಜನೆಯನ್ನು ಆರಂಭಿಸಿ, ಮೊದಲ ಹಂತದಲ್ಲಿಯೇ ನಿಲ್ಲುತ್ತವೆ. ಅದು ಬೆಳೆದು ಬೆದೆಗೆ ಬಂದಾಗ ಎಲ್.ಎಚ್. ಹಾರ್ಮೋನಿನ ಪ್ರಭಾವದಿಂದ ಸಾಮಾನ್ಯವಾಗಿ ಒಂದು ಅಂಡಾಣು ವಿಭಜನೆಯನ್ನು ಮುಂದುವರಿಸಿ, ಎರಡನೆಯ ಮಿಯಾಸಿಸ್‌ನ ಮೆಟಾಫೇಸ್ ಹಂತದಲ್ಲಿ ಪುನಃ ನಿಲ್ಲುತ್ತದೆ. ವಿಭಜನೆಯನ್ನು ಪೂರ್ಣಗೊಳಿಸುವ ಕಿಣ್ವವನ್ನು ಎಮಿ-2 ಎಂಬ ಪ್ರೋಟೀನು ತಡೆಹಿಡಿಯುವುದೇ ಇದಕ್ಕೆ ಕಾರಣ.

ತಡೆಯ ನಿವಾರಣೆ
ಅಂಡಾಣುವಿನೊಡನೆ ಸೇರಿದ ವೀರ್ಯಾಣುವು ಪಿ.ಎಲ್.ಸಿ.-ಝೀಟಾ ಎಂಬ ಕಿಣ್ವವನ್ನು ತರುತ್ತದೆ. ಇದರಿಂದ ಅಂಡಾಣುವಿನೊಳಗೆ ಕ್ಯಾಲ್ಸಿಯಂ ಪ್ರಮಾಣವು ಹಲವು ಗಂಟೆಗಳ ಕಾಲ ಮತ್ತೆ ಮತ್ತೆ ಏರಿಳಿಯುತ್ತದೆ. ಆಗ ಎಮಿ-2 ನಾಶವಾಗಿ, ತಡೆ ತೆರವಾಗುತ್ತದೆ. ವರ್ಣತಂತುಗಳು ಬೇರ್ಪಟ್ಟು, ಒಂದು ಪಾಲು ಧ್ರುವಕಾಯವಾಗಿ ಹೊರಬೀಳುತ್ತದೆ. ಉಳಿದ ಪಾಲು ವೀರ್ಯಾಣುವಿನ ವರ್ಣತಂತುಗಳೊಡನೆ ಕೂಡಿ ಭ್ರೂಣಕ್ಕೆ ಮೂಲವಾಗುತ್ತದೆ.

ರೈತರ ಗಮನಕ್ಕೆ
ಬೆದೆ ಮುಗಿದ ಸುಮಾರು 10ರಿಂದ 12 ಗಂಟೆಗಳ ನಂತರ ಅಂಡಾಣು ಅಂಡಾಶಯದಿಂದ ಬಿಡುಗಡೆಯಾಗುತ್ತದೆ. ಆ ವೇಳೆಗೆ ವೀರ್ಯಾಣು ಲಭ್ಯವಿಲ್ಲದಿದ್ದಲ್ಲಿ ತಡೆ ನಿವಾರಣೆಯಾಗದೆ, ಅಂಡಾಣುವು ಕೆಲವೇ ಗಂಟೆಗಳಲ್ಲಿ ಫಲಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮುಂದಿನ ಬೆದೆಗಾಗಿ ಸುಮಾರು 21 ದಿನ ಕಾಯಬೇಕಾಗುತ್ತದೆ.

ಆದುದರಿಂದ ಬೆಳಿಗ್ಗೆ ಬೆದೆ ಕಂಡ ಹಸುವನ್ನು ಅದೇ ದಿನ ಸಂಜೆ, ಸಂಜೆ ಬೆದೆ ಕಂಡ ಹಸುವನ್ನು ಮರುದಿನ ಬೆಳಿಗ್ಗೆ ಸಮೀಪದ ಪಶುವೈದ್ಯಕೀಯ ಸಂಸ್ಥೆಗೆ ಕರೆತಂದು ಕೃತಕ ಗರ್ಭಧಾರಣೆ ಮಾಡಿಸತಕ್ಕದ್ದು.