ಡಬ್ಬ ಮೊದಲು ಬಂತು, ಎಚ್‌ಡಿ ಆಮೇಲೆ

ಅಂಗಡಿಯ ಪರದೆಯಲ್ಲಿ ಹವಳದ ದಿಬ್ಬದ ಮೀನುಗಳು ಈಜುತ್ತಿದ್ದವು. ಅವುಗಳ ಮೈಮೇಲಿನ ಚುಕ್ಕಿಗಳನ್ನು ಎಣಿಸಬಹುದಿತ್ತು. ಅದೇ ಟಿವಿಯನ್ನು ಮನೆಗೆ ತಂದು ಕೇಬಲ್ ಸಿಕ್ಕಿಸಿದರೆ ಧಾರಾವಾಹಿಯ ಅತ್ತೆ ಮಸುಕು ಮಸುಕು. ಸಾಲದ್ದಕ್ಕೆ ಮುಖ ಅಡ್ಡಕ್ಕೆ ಹಿಗ್ಗಿ ಊದಿಕೊಂಡ ಹಾಗೆ. 2007ರಿಂದ 2010ರ ನಡುವೆ ಮೊದಲ ಸಲ ಎಲ್‌ಸಿಡಿ ಟಿವಿ ಕೊಂಡ ಎಷ್ಟೋ ಮನೆಗಳಲ್ಲಿ ಈ ಪಜೀತಿ ಆಗಿದೆ. ತೋರಿಸಿದ್ದೊಂದು, ಕೊಟ್ಟಿದ್ದೊಂದು ಎಂದು ಅಂಗಡಿಯವರ ಮೇಲೆ ಹರಿಹಾಯ್ದವರೂ ಉಂಟು. ಆದರೆ ಟಿವಿ ಅದೇ ಆಗಿತ್ತು. ಅಂಗಡಿಯಲ್ಲಿ ಓಡುತ್ತಿದ್ದುದು ಡಿಸ್ಕಿನಲ್ಲಿದ್ದ ಎಚ್‌ಡಿ ಚಿತ್ರ. ಮನೆಗೆ ಬರುತ್ತಿದ್ದುದು ಕಂಬದಿಂದ ಕಂಬಕ್ಕೆ ಜೋತುಬಿದ್ದ ತಂತಿಯೊಳಗಿನ ಹಳೆಯ ಅನಲಾಗ್ ಸಿಗ್ನಲ್.

ಭಾರತ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಅದರಲ್ಲಿ ಕಣ್ಣಿಗೆ ಬೀಳುವುದು 576. ಡಿಜಿಟಲ್ ಲೆಕ್ಕದಲ್ಲಿ ಹೇಳುವುದಾದರೆ 720×576, ಅಂದರೆ ನಾಲ್ಕು ಲಕ್ಷಕ್ಕೆ ಸ್ವಲ್ಪ ಮೇಲೆ ಪಿಕ್ಸೆಲ್. ಫುಲ್ ಎಚ್‌ಡಿ ಎಂದರೆ 1920×1080. ಅದು ಇಪ್ಪತ್ತು ಲಕ್ಷ ದಾಟುತ್ತದೆ. ಐದು ಪಟ್ಟು ಪಿಕ್ಸೆಲ್ ತೋರಿಸುವ ಪರದೆಯನ್ನು ಕಾರ್ಖಾನೆಗಳು ಹೇಗೋ ಮಾಡಿಕೊಟ್ಟವು. ಅಷ್ಟನ್ನೂ ಮನೆಮನೆಗೆ ಸಾಗಿಸುವುದು ಹೇಗೆ ಎಂಬಲ್ಲಿ ಎಲ್ಲ ದೇಶಗಳೂ ಎಡವಿದವು. ಎಚ್‌ಡಿಯ ಚರಿತ್ರೆ ಬಹುಪಾಲು ಈ ಸಾಗಾಟದ ಚರಿತ್ರೆಯೇ.

ಶುರುವಾದದ್ದು ಜಪಾನಿನಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಪ್ರಯೋಗಾಲಯ ಮುಂದಿನ ತಲೆಮಾರಿನ ಟಿವಿ ಹೇಗಿರಬೇಕೆಂದು ಯೋಚಿಸತೊಡಗಿತು. ತಾಕಾಶಿ ಫುಜಿಯೊ ಮತ್ತು ಅವರ ಸಂಗಡಿಗರು ನೋಡುವವರ ಕಣ್ಣಿನಿಂದಲೇ ಲೆಕ್ಕ ಶುರುಮಾಡಿದರು. ಪರದೆ ಎಷ್ಟು ಅಗಲವಿದ್ದರೆ ನೋಡುವವನಿಗೆ ತಾನೂ ಅಲ್ಲೇ ಇದ್ದೇನೆ ಅನ್ನಿಸುತ್ತದೆ, ಎಷ್ಟು ಹತ್ತಿರ ಕೂತರೆ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ ಎಂದೆಲ್ಲ ಪರೀಕ್ಷಿಸಿದರು. ಪರದೆಯ ಎತ್ತರದ ಮೂರು ಪಟ್ಟು ದೂರದಲ್ಲಿ ಕೂತು ನೋಡುವುದಕ್ಕೆ ಹೊಂದುವಂತೆ 1125 ಗೆರೆಗಳ ಚಿತ್ರವನ್ನು ಗೊತ್ತುಮಾಡಿದರು.

ಈ ಮೂರು ಪಟ್ಟಿನ ಲೆಕ್ಕವನ್ನು ಟಿವಿ ಮಾರುವವರು ಹೇಳುವುದು ಅಪರೂಪ. 32 ಇಂಚಿನ ಟಿವಿಯ ಪರದೆ ಸುಮಾರು 40 ಸೆಂಟಿಮೀಟರ್ ಎತ್ತರ. ಅದರ ಎಚ್‌ಡಿಯನ್ನು ಪೂರ್ತಿ ಸವಿಯಬೇಕಾದರೆ ನಾಲ್ಕು ಅಡಿ ದೂರದಲ್ಲಿ ಕೂರಬೇಕು. ನಮ್ಮ ಕಡೆಯ ಹಾಲ್‌ನಲ್ಲಿ ಟಿವಿ ಒಂದು ಗೋಡೆಗಿದ್ದರೆ ಸೋಫಾ ಎದುರು ಗೋಡೆಗೆ ಒರಗಿರುತ್ತದೆ, ನಡುವೆ ಹತ್ತು ಅಡಿಯಾದರೂ ಇರುತ್ತದೆ. ಅಷ್ಟು ದೂರದಿಂದ ಎಚ್‌ಡಿ ಚಾನೆಲ್‌ಗೂ ಚೆನ್ನಾಗಿ ಬರುವ ಮಾಮೂಲಿ ಚಾನೆಲ್‌ಗೂ ವ್ಯತ್ಯಾಸ ಕಂಡುಹಿಡಿಯಲು ಹದ್ದಿನ ಕಣ್ಣೇ ಬೇಕು. 55 ಇಂಚಿನದಾದರೆ ಏಳು ಅಡಿ ಸಾಕು. ದೊಡ್ಡ ಟಿವಿ ಶೋಕಿಗೆ ಎಂದು ಬೈಯುವ ಹಿರಿಯರು ಈ ಒಂದು ವಿಷಯದಲ್ಲಿ ಸೋತಿದ್ದಾರೆ.

1981ರಲ್ಲಿ ಜಪಾನೀಯರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಮ್ಮ ಚಿತ್ರವನ್ನು ತೋರಿಸಿದಾಗ ನೋಡಿದವರು ದಂಗಾದರು. ಆದರೆ ಮಾಮೂಲಿ ಚಾನೆಲ್‌ಗೆ ಮೀಸಲಾದ ತರಂಗಾಂತರದಲ್ಲಿ ಆ ಚಿತ್ರ ಹಿಡಿಸುತ್ತಲೇ ಇರಲಿಲ್ಲ. ಅಂಥ ಹಲವು ಚಾನೆಲ್‌ಗಳ ಜಾಗವನ್ನು ಅದೊಂದೇ ಬೇಡುತ್ತಿತ್ತು. ಅದನ್ನು ಕುಗ್ಗಿಸಲು ಎನ್‌ಎಚ್‌ಕೆ ಮ್ಯೂಸ್ ಎಂಬ ಉಪಾಯ ಮಾಡಿ, ಉಪಗ್ರಹದ ಮೂಲಕ ಕಳಿಸಿತು. ನಿಂತ ಚಿತ್ರ ಸೊಗಸಾಗಿ ಬರುತ್ತಿತ್ತು, ಓಡುವ ಚಿತ್ರ ಸ್ವಲ್ಪ ಮಸುಕಾಗುತ್ತಿತ್ತು. 1989ರಲ್ಲಿ ದಿನಕ್ಕೆ ಒಂದು ಗಂಟೆ ಪ್ರಾಯೋಗಿಕ ಪ್ರಸಾರ ಆರಂಭವಾಯಿತು. 1991ರ ನವೆಂಬರ್ 25ರಿಂದ ದಿನಕ್ಕೆ ಎಂಟು ಗಂಟೆ. 11ನೇ ತಿಂಗಳು, 25ನೇ ದಿನ: 1125 ಗೆರೆಗಳ ಲೆಕ್ಕಕ್ಕೆ ಹೊಂದಿಸಿದ ಮುಹೂರ್ತ ಅದು. ಸೆಟ್ಟಿನ ಬೆಲೆ ಇಪ್ಪತ್ತು ಲಕ್ಷ ಯೆನ್‌ಗೂ ಮೇಲೆ. ಅಷ್ಟು ಸುರಿದು ತಂದವನಿಗೆ ದಿನದ ಮೂರನೇ ಎರಡು ಪಾಲು ಎಚ್‌ಡಿಯೇ ಇಲ್ಲ!

ಆ ಹೊತ್ತಿಗೆ ಅಮೆರಿಕದಲ್ಲಿ ಆಟವೇ ಬದಲಾಗಿತ್ತು. ಅಲ್ಲಿ ಒಂದು ಚಾನೆಲ್‌ಗೆ ಇದ್ದದ್ದು 6 ಮೆಗಾಹರ್ಟ್ಸ್ ಜಾಗ. 1990ರ ಜೂನ್‌ನಲ್ಲಿ ಜನರಲ್ ಇನ್‌ಸ್ಟ್ರುಮೆಂಟ್ ಎಂಬ ಕಂಪನಿ ಇಡೀ ಎಚ್‌ಡಿ ಚಿತ್ರವನ್ನು ಡಿಜಿಟಲ್ ಆಗಿ ಮಾಡಿ ಅದೇ ಜಾಗಕ್ಕೆ ಇಳಿಸಬಹುದೆಂದು ಘೋಷಿಸಿತು. ಸ್ಯಾನ್ ಡಿಯೇಗೊದಲ್ಲಿ ವೂ ಪೈಕ್ ಅವರ ತಂಡ ಮಾಡಿದ ಕೆಲಸ ಅದು. ಅಷ್ಟರವರೆಗೆ ಅನಲಾಗ್ ನೆಚ್ಚಿಕೊಂಡಿದ್ದ ಜಪಾನ್, ಯುರೋಪ್ ಎರಡೂ ಹಿಂದೆ ಬಿದ್ದವು. 1993ರಲ್ಲಿ ಅಮೆರಿಕದ ಪೈಪೋಟಿಗಾರರೆಲ್ಲ ಒಟ್ಟು ಸೇರಿ ಒಂದೇ ಪದ್ಧತಿ ರೂಪಿಸಲು ಒಪ್ಪಿದರು. ಐಐಟಿ ಬಾಂಬೆಯಲ್ಲಿ ಓದಿದ ಅರುಣ್ ನೇತ್ರಾವಳಿ ಬೆಲ್ ಲ್ಯಾಬ್ಸ್‌ನಲ್ಲಿ ಚಿತ್ರವನ್ನು ಡಿಜಿಟಲ್ ಆಗಿ ಕುಗ್ಗಿಸುವ ಇದೇ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿದವರು.

ಸ್ಟುಡಿಯೊದಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್ ಇರುವ ಎಚ್‌ಡಿ ಚಿತ್ರ ಎರಡು ಕೋಟಿಯೊಳಗೆ ಕೂರುವುದು ಹೇಗೆ? ಈ ಪ್ರಶ್ನೆಯ ಹಿಂದೆ ಹೋದರೆ ಬೆಂಗಳೂರಿನ ಕೆ.ಆರ್. ವೃತ್ತಕ್ಕೆ ಬಂದು ನಿಲ್ಲಬೇಕಾಗುತ್ತದೆ.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಆಗ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದ, ಇವತ್ತು ಯುವಿಸಿಇ ಎಂದು ಕರೆಯುವ, ಆ ವೃತ್ತದ ಕಾಲೇಜಿನಲ್ಲಿ 1961ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ ಅವರಿಗೊಂದು ಗಣಿತದ ಯೋಚನೆ ಹೊಳೆಯಿತು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೇಳಿ ಬರೆದರು. ಹಣ ಸಿಗಲಿಲ್ಲ. ಇದು ತೀರಾ ಸರಳವಾಯಿತು ಎಂಬರ್ಥದ ಷರಾ ಬರೆದ ಪರಿಶೀಲಕರೊಬ್ಬರಿದ್ದರೆಂದು ಅಹ್ಮದ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಅವರು ಪಟ್ಟು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ ಬರೆದ ಪುಟ್ಟ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ಡಿಸಿಟಿ ಎಂಬ ಮೂರಕ್ಷರದಲ್ಲಿ ಈಗ ಜಗತ್ತಿನ ಎಂಜಿನಿಯರುಗಳೆಲ್ಲ ಹೇಳುವುದು ಅದನ್ನೇ. ಮೂವರೂ ಭಾರತ ಮೂಲದವರು.

ಅದು ಮಾಡುವ ಕೆಲಸ ಹೀಗೆ. ಚಿತ್ರವನ್ನು 8×8ರ ಪುಟ್ಟ ಚೌಕಗಳಾಗಿ ಕತ್ತರಿಸಿದರೆ ಪ್ರತಿ ಚೌಕದಲ್ಲಿ 64 ಪಿಕ್ಸೆಲ್, ಅಂದರೆ 64 ಅಂಕಿ. ಆಕಾಶದ ಒಂದು ತುಣುಕಾದರೆ ಎಲ್ಲ ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಡಿಸಿಟಿ ಈ 64 ಅಂಕಿಗಳನ್ನು ಬೇರೆ 64 ಅಂಕಿಗಳಾಗಿ ಮಾರ್ಪಡಿಸುತ್ತದೆ: ಮೊದಲನೆಯದು ಚೌಕದ ಸರಾಸರಿ ಬೆಳಕು, ಮುಂದಿನವು ದೊಡ್ಡ ಏರಿಳಿತಗಳು, ಕೊನೆಯವು ಕೂದಲೆಳೆಯಷ್ಟು ಸೂಕ್ಷ್ಮ ಏರಿಳಿತಗಳು. ಕೊನೆಯವು ಹೆಚ್ಚಿನ ಚೌಕಗಳಲ್ಲಿ ಸೊನ್ನೆಯ ಹತ್ತಿರವೇ ಇರುತ್ತವೆ, ಬಿಟ್ಟರೂ ಕಣ್ಣಿಗೆ ತಿಳಿಯುವುದಿಲ್ಲ. ಹೀಗೆ ಬಿಟ್ಟದ್ದೇ ಉಳಿತಾಯ. ಜೆಪೆಗ್ ಫೋಟೊ, ಡಿವಿಡಿ, ಡಿಟಿಎಚ್, ಬ್ಲೂ-ರೇ, ಮೊಬೈಲ್ ವಿಡಿಯೊ, ಎಲ್ಲದರ ತಳದಲ್ಲೂ ಈ ಗಣಿತ ಅಥವಾ ಇದರ ಮರಿಗಳಿವೆ. ಆಗುಂಬೆಯ ಕಡೆ ಮಳೆ ಜಡಿಯುವಾಗ ಡಿಶ್ ಟಿವಿಯಲ್ಲಿ ನಾಯಕಿಯ ಮುಖ ಚೌಕ ಚೌಕವಾಗಿ ಒಡೆಯುತ್ತದಲ್ಲ, ಆಗ ಕಾಣುವುದು ಈ ಲೆಕ್ಕಾಚಾರದ ಹೊಲಿಗೆಯೇ. ಅಹ್ಮದ್ ಅವರ ಹೆಸರು ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳದಿರುವುದೇ ವಾಸಿ. ಅಮೆರಿಕದ ‘ದಿಸ್ ಈಸ್ ಅಸ್’ ಧಾರಾವಾಹಿ 2021ರಲ್ಲಿ ಅವರ ಕಥೆಯನ್ನು ಒಂದು ಕಂತಿನಲ್ಲಿ ತಂದಿತು.

ಅಮೆರಿಕದಲ್ಲಿ ಪ್ರಸಾರಕ್ಕೆ ತಡವಾಗಲಿಲ್ಲ. 1996ರಲ್ಲಿ ನಾರ್ತ್ ಕೆರೊಲೈನಾದ ರಾಲಿ ಊರಿನ ಡಬ್ಲ್ಯುಆರ್‌ಎಎಲ್ ಡಿಜಿಟಲ್ ಎಚ್‌ಡಿ ಹಚ್ಚಿತು. 1998ರ ಅಕ್ಟೋಬರ್‌ನಲ್ಲಿ ಜಾನ್ ಗ್ಲೆನ್ 77ನೇ ವಯಸ್ಸಿನಲ್ಲಿ ಮತ್ತೆ ಬಾಹ್ಯಾಕಾಶಕ್ಕೆ ಹಾರಿದ್ದನ್ನು ಹಲವು ನಗರಗಳಲ್ಲಿ ಎಚ್‌ಡಿಯಲ್ಲಿ ತೋರಿಸಿದರು.

ಭಾರತದ ಅಂಗಡಿಗಳಿಗೆ ಟಿವಿಯ ಮೇಲೆ ಅಂಟಿಕೊಂಡು ಬಂದ ಎಚ್‌ಡಿ ಚೀಟಿ ಯುರೋಪಿನದು. 2005ರಲ್ಲಿ ಅಲ್ಲಿನ ತಯಾರಕರ ಸಂಘ ‘ಎಚ್‌ಡಿ ರೆಡಿ’ ಎಂಬ ಮುದ್ರೆ ತಂದಿತು: ಕನಿಷ್ಠ 720 ಗೆರೆಯ ಪರದೆ ಇರಬೇಕು, ಎಚ್‌ಡಿ ಸಿಗ್ನಲ್ ಕೊಟ್ಟರೆ ತೆಗೆದುಕೊಳ್ಳಬೇಕು. ಕೊಟ್ಟರೆ ಎಂಬುದೇ ಇಲ್ಲಿ ಮುಖ್ಯ. ನಮ್ಮಲ್ಲಿ ಆ ಚೀಟಿ ಅಂಟಿಸಿಕೊಂಡು ಬಂದ ಟಿವಿಗಳ ಪರದೆ ಬಹುಮಟ್ಟಿಗೆ 1366×768. ಇದೊಂದು ವಿಚಿತ್ರ ಅಳತೆ. ಕಂಪ್ಯೂಟರ್ ಮಾನಿಟರ್‌ಗಳ 1024×768 ಅನ್ನು ಅಗಲಕ್ಕೆ ಎಳೆದು ಮಾಡಿದ್ದು. ಪ್ರಸಾರವಾಗುವ 576, 720, 1080, ಯಾವ ಗೆರೆಗೂ ಅದು ಸರಿಹೊಂದುವುದಿಲ್ಲ. ಬಂದ ಚಿತ್ರ ಯಾವುದೇ ಇರಲಿ, ಟಿವಿ ಅದನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸಬೇಕು.

ಇನ್ನು ಟಿವಿ ತರುವ ದಾರಿ. ದುಬೈನಿಂದ ಮಂಗಳೂರಿಗೆ, ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬರುವವರ ಲಗೇಜಿನಲ್ಲಿ ಚಪ್ಪಟೆ ಟಿವಿಯ ರಟ್ಟಿನ ಡಬ್ಬ ಒಂದು ಕಾಲದಲ್ಲಿ ಸಾಮಾನ್ಯ. 35,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ, ಟಿವಿ ಅದರಲ್ಲೇ ಬರುತ್ತಿತ್ತು. ರೂಪಾಯಿ ಕುಸಿದು ಸರ್ಕಾರಕ್ಕೆ ಬಿಸಿ ತಟ್ಟಿದಾಗ 2013ರ ಆಗಸ್ಟ್ 26ರಿಂದ ಆ ವಿನಾಯಿತಿ ತೆಗೆದರು. ಡಬ್ಬದ ಮೇಲೆ ಶೇ 36.05 ಸುಂಕ ಬಿತ್ತು. ಅಮೆರಿಕದಿಂದ ಟಿವಿ ಹೊತ್ತು ತಂದವರ ಪಾಡು ಬೇರೆ: ಎಷ್ಟೋ ಸೆಟ್ಟುಗಳಿಗೆ 110 ವೋಲ್ಟ್ ಬೇಕು, ಟ್ಯೂನರ್ ಇಲ್ಲಿನ ಪದ್ಧತಿಗೆ ಒಗ್ಗುವುದಿಲ್ಲ.

ನಮ್ಮ ದೇಶಕ್ಕೆ ಎಚ್‌ಡಿ ಚಿತ್ರ ಬಂದದ್ದು 2010ರಲ್ಲಿ. ಡಿಟಿಎಚ್ ಕಂಪನಿಗಳು ಆ ವರ್ಷ ಒಂದರ ಹಿಂದೊಂದು ಎಚ್‌ಡಿ ಬಾಕ್ಸ್ ತಂದವು. ಅಕ್ಟೋಬರ್‌ನ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ಬಿತ್ತರಿಸಿತು. 1982ರ ಏಷ್ಯಾಡ್ ಬಣ್ಣದ ಟಿವಿಗೆ ಮಾಡಿದ್ದನ್ನೇ ಈ ಕೂಟ ಎಚ್‌ಡಿಗೆ ಮಾಡಿತೆನ್ನಬಹುದು, ಅಷ್ಟು ಸಡಗರ ಮಾತ್ರ ಇರಲಿಲ್ಲ. ಆಕಾಶದಲ್ಲೂ ಜಾಗ ಬಿಗಿಯಾಗಿತ್ತು. 2010ರ ಜುಲೈಯಲ್ಲಿ ಇನ್ಸಾಟ್-4ಬಿ ಉಪಗ್ರಹದ ಸೌರಫಲಕದ ವಿದ್ಯುತ್ ವ್ಯವಸ್ಥೆ ಕೆಟ್ಟು ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಬೇಕಾಯಿತು. ಇನ್ಸಾಟ್‌ಗಳನ್ನು ನೋಡಿಕೊಳ್ಳುವುದು ಹಾಸನದ ನಿಯಂತ್ರಣ ಕೇಂದ್ರ. ಆ ಉಪಗ್ರಹವನ್ನು ನೆಚ್ಚಿದ್ದ ಸನ್ ಡೈರೆಕ್ಟ್ ಮಲೇಷ್ಯಾದ ಮೀಸ್ಯಾಟ್ ಉಪಗ್ರಹಕ್ಕೆ ದಾಟಿಕೊಂಡಿತು. ಚಂದಾದಾರರ ಡಿಶ್‌ಗಳನ್ನು ಬೇರೆ ದಿಕ್ಕಿಗೆ ತಿರುಗಿಸಬೇಕಾಯಿತು.

ಬಾಕ್ಸ್ ಬಂದರೂ ಕೆಲಸ ಮುಗಿಯಲಿಲ್ಲ. ಎಚ್‌ಡಿ ಬಾಕ್ಸಿನ ಹಿಂಬದಿಯಲ್ಲಿ ಎರಡು ಬಗೆಯ ದಾರಿ: ಕೆಂಪು, ಬಿಳಿ, ಹಳದಿ ಮೂತಿಯ ಹಳೆಯ ವೈರು, ಮತ್ತು 2002ರಲ್ಲಿ ರೂಪುಗೊಂಡ ಎಚ್‌ಡಿಎಂಐ ವೈರು. ಹಳದಿ ವೈರಿನಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ಬಾಕ್ಸ್ ಜೋಡಿಸಲು ಅವಸರದಲ್ಲಿ ಬಂದ ಹುಡುಗ ಕೈಗೆ ಸಿಕ್ಕ ಹಳದಿ ವೈರು ಸಿಕ್ಕಿಸಿ ಹೋದರೆ, ಮನೆಯವರು ಎಚ್‌ಡಿಗೆ ದುಡ್ಡು ಕಟ್ಟುತ್ತ ಹಳೆಯ ಚಿತ್ರವನ್ನೇ ನೋಡುತ್ತಿದ್ದರು. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಎಚ್‌ಡಿಎಂಐ ವೈರು ಮೀಟರ್ ಲೆಕ್ಕದಲ್ಲಿ ನೇತಾಡತೊಡಗಿದ್ದು ಈ ಕಾಲದಲ್ಲೇ.

ಡಿಸ್ಕಿನ ದಾರಿ ಇಲ್ಲಿ ಹೆಚ್ಚು ದೂರ ಸಾಗಲಿಲ್ಲ. 2008ರ ಫೆಬ್ರವರಿಯಲ್ಲಿ ತೋಷಿಬಾ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಾಗ ಬ್ಲೂ-ರೇ ಗೆದ್ದಿತು, ಆದರೆ ಕನ್ನಡ ಮನೆಗಳಲ್ಲಿ ಡಿವಿಡಿಯೇ ಸಾಕಾಗಿತ್ತು. ಅದರಲ್ಲಿರುವುದು ಅದೇ 576 ಗೆರೆ.

ಕನ್ನಡ ಎಚ್‌ಡಿ ಚಾನೆಲ್‌ಗಾಗಿ 2016ರವರೆಗೆ ಕಾಯಬೇಕಾಯಿತು. ಆ ವರ್ಷ ಕಲರ್ಸ್ ಕನ್ನಡ ಎಚ್‌ಡಿ ಬಂತು, ಜೀ ಕನ್ನಡ ಎಚ್‌ಡಿ 2018ರಲ್ಲಿ. ಅಷ್ಟರಲ್ಲಿ ಕೇಬಲ್ ಕೂಡ ಡಿಜಿಟಲ್ ಆಗಿತ್ತು. ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವಿತ್ತು. ಆದರೆ ಎಚ್‌ಡಿ ಚಾನೆಲ್‌ನಲ್ಲಿ ಬಂದದ್ದೆಲ್ಲ ಎಚ್‌ಡಿಯಲ್ಲ. ಹಳೆಯ ಕನ್ನಡ ಚಿತ್ರಗಳನ್ನು ತೆಗೆದದ್ದು 35 ಎಂಎಂ ಫಿಲ್ಮಿನಲ್ಲಿ. ಅದರಲ್ಲಿ ಎಚ್‌ಡಿಗೆ ಬೇಕಾದಷ್ಟು ವಿವರ ಧಾರಾಳವಾಗಿ ಇರುತ್ತದೆ. ಆದರೆ ಟಿವಿಗಾಗಿ ಅವನ್ನು ಹಿಂದೆ ಟೇಪಿಗೆ ಇಳಿಸಿದಾಗ ಎಲ್ಲವೂ 576 ಗೆರೆಗೆ ಇಳಿಯಿತು. ಆ ಟೇಪನ್ನೇ ಹಿಗ್ಗಿಸಿ ತೋರಿಸಿದರೆ ಮೂಲೆಯಲ್ಲಿ ಎಚ್‌ಡಿ ಎಂಬ ಎರಡಕ್ಷರ ಮಾತ್ರ ಸ್ಪಷ್ಟ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಡಿಜಿಟಲ್ ಸಂಸ್ಕಾರ ಪಡೆದು ಬಣ್ಣದಲ್ಲಿ ಚಿತ್ರಮಂದಿರಕ್ಕೆ ಬಂದವು. ಆ ಭಾಗ್ಯ ಕಂಡ ಹಳೆಯ ಚಿತ್ರಗಳು ಬೆರಳೆಣಿಕೆಯಷ್ಟು.

2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರಪದ್ಧತಿ ಬಂದಾಗ ಎಚ್‌ಡಿ ತಿನ್ನುವ ಜಾಗಕ್ಕೂ ಲೆಕ್ಕ ಬಿತ್ತು. ಆಗ 130 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ 100 ಚಾನೆಲ್‌ಗಳ ಜಾಗ ಸಿಗುತ್ತಿತ್ತು. ಒಂದು ಎಚ್‌ಡಿ ಚಾನೆಲ್ ಎಂದರೆ ಅದರಲ್ಲಿ ಎರಡಕ್ಕೆ ಸಮವಾಗಿತ್ತು. ಚಾನೆಲ್‌ನ ದರ ಬೇರೆ. ಎಷ್ಟೋ ಮನೆಗಳಲ್ಲಿ ಫುಲ್ ಎಚ್‌ಡಿ ಟಿವಿಯ ಮುಂದೆ ಕೂತೇ ಎಚ್‌ಡಿ ಚಾನೆಲ್‌ಗಳನ್ನು ತೆಗೆಸಿದರು.

ಅಷ್ಟು ಹೊತ್ತಿಗೆ ಇಂಟರ್‌ನೆಟ್ಟಿನ ಬೇರೊಂದು ದಾರಿ ತೆರೆದಿತ್ತು. 2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ. ಡಿಶ್ ಇಲ್ಲದೆ, ಕೇಬಲ್‌ನವರ ಹಂಗಿಲ್ಲದೆ ಎಚ್‌ಡಿ ಬರತೊಡಗಿತು. ಆ ದಾರಿಯೂ ಒಮ್ಮೆ ಕಿರಿದಾಯಿತು: 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಊರಿಗೆ ಊರೇ ಮನೆಯಲ್ಲಿ ಕೂತಾಗ, ಜಾಲದ ಮೇಲಿನ ಹೊರೆ ಇಳಿಸಲು ಸ್ಟ್ರೀಮಿಂಗ್ ಕಂಪನಿಗಳು ಮೊಬೈಲ್ ನೆಟ್‌ವರ್ಕಿನಲ್ಲಿ ಏಪ್ರಿಲ್ 14ರವರೆಗೆ 480 ಗೆರೆಗಿಂತ ಹೆಚ್ಚಿನ ಚಿತ್ರ ಕೊಡುವುದಿಲ್ಲವೆಂದು ಒಪ್ಪಿಕೊಂಡವು. ಅದೇ ದಿನಗಳಲ್ಲಿ ದೂರದರ್ಶನ 1987ರ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು, ದೇಶದ ಉಳಿದೆಲ್ಲ ಕಾರ್ಯಕ್ರಮಗಳನ್ನೂ ಅದು ಹಿಂದಿಕ್ಕಿತು. ಚಿತ್ರ 4:3ರ ಹಳೆಯ ಚೌಕಟ್ಟಿನದು. ಅಗಲ ಪರದೆ ತುಂಬಿಸಲು ರಿಮೋಟ್ ಒತ್ತಿದವರ ಮನೆಗಳಲ್ಲಿ ರಾಮ, ಲಕ್ಷ್ಮಣ, ರಾವಣ ಎಲ್ಲರೂ ಒಂದೇ ಸಮನೆ ದಪ್ಪಗಾದರು.