ಬೈಗುಳವೇ ಬಿರುದಾದಾಗ: 'ಜೀಸಸ್ ಫ್ರೀಕ್' ಹಾಡಿನ ಚಾರಿತ್ರಿಕ ಹಿನ್ನೆಲೆ

ಜನ ಏನೆಂದುಕೊಂಡರೂ ಸರಿ, ತಾನು ಯೇಸುವಿನವನು ಎಂದು ಬಹಿರಂಗವಾಗಿ ಸಾರುವ 'ಜೀಸಸ್ ಫ್ರೀಕ್', ಅಮೆರಿಕದ ಕ್ರೈಸ್ತ ರಾಕ್ ಸಂಗೀತದ ಅತ್ಯಂತ ಪ್ರಸಿದ್ಧ ಹಾಡುಗಳಲ್ಲೊಂದು. 1995ರಲ್ಲಿ ಡಿಸಿ ಟಾಕ್ ತಂಡ ಹೊರತಂದ ಇದನ್ನು ಧೈರ್ಯದ ಘೋಷಣೆ ಎಂದು ಹೊಗಳುವುದು ವಾಡಿಕೆ. ಆ ಧೈರ್ಯ ಯಾರ ಎದುರು ತೋರಿದ್ದು? ಉತ್ತರಕ್ಕಾಗಿ ಹಾಡಿನ ಹೆಸರು ಬಂದ ದಾರಿಯನ್ನೂ ಅದು ಮಾರಾಟವಾದ ಬಗೆಯನ್ನೂ ನೋಡಬೇಕು.

'ಫ್ರೀಕ್' ಎಂದರೆ ವಿಲಕ್ಷಣ ಮನುಷ್ಯ, ಹುಚ್ಚ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿಗಳಲ್ಲಿ ಒಂದು ಗುಂಪು ಮಾದಕವಸ್ತು ಬಿಟ್ಟು ಬೈಬಲ್ ಹಿಡಿದಾಗ ಅವರಿಗೆ ಅಂಟಿದ ಹೆಸರಿದು. ಅವರಿಗೆ ವಿರೋಧ ಬಂದದ್ದು ನಾಸ್ತಿಕರಿಂದಷ್ಟೇ ಅಲ್ಲ, ಚರ್ಚಿನೊಳಗಿನಿಂದಲೂ ಬಂತು. ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್‌ನಲ್ಲಿ ಬರಿಗಾಲಿನ ಹುಡುಗರು ಹೊಸ ಜಮಖಾನೆ ಹಾಳುಮಾಡುತ್ತಾರೆಂದು ಹಿರಿಯ ಸದಸ್ಯರು ತಕರಾರು ಎತ್ತಿದರಂತೆ. ಹಾಗಾದರೆ ಜಮಖಾನೆಯನ್ನೇ ಕಿತ್ತುಹಾಕೋಣ ಎಂದರಂತೆ ಪಾದ್ರಿ ಚಕ್ ಸ್ಮಿತ್. ಈ ಚಳವಳಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಸಂಗವಿದು. 1971ರ ಜೂನ್ 21ರ 'ಟೈಮ್' ಪತ್ರಿಕೆ ಈ 'ಜೀಸಸ್ ಕ್ರಾಂತಿ'ಯನ್ನು ಮುಖಪುಟಕ್ಕೆ ತಂದಿತು. ಅಷ್ಟರಲ್ಲಿ ಲ್ಯಾರಿ ನಾರ್ಮನ್‌ನ 'ಅಪಾನ್ ದಿಸ್ ರಾಕ್' (1969) ಬಂದು, ಗಿಟಾರಿನ ಅಬ್ಬರದಲ್ಲೂ ಸುವಾರ್ತೆ ಸಾರಬಹುದೆಂದು ತೋರಿಸಿಯಾಗಿತ್ತು. ಆದರೂ ಜಿಮ್ಮಿ ಸ್ವ್ಯಾಗರ್ಟ್‌ರಂಥ ಟಿವಿ ಬೋಧಕರು 1980ರ ದಶಕದಲ್ಲೂ ಕ್ರೈಸ್ತ ರಾಕ್ ಅನ್ನು ಸೈತಾನನ ಬಲೆಯೆಂದೇ ಖಂಡಿಸುತ್ತಿದ್ದರು.

ಡಿಸಿ ಟಾಕ್ ಹುಟ್ಟಿದ್ದು ಆ ಹಿಪ್ಪಿಗಳ ಲೋಕಕ್ಕಿಂತ ತೀರ ಬೇರೆಯಾದ ನೆಲದಲ್ಲಿ. ಟೋಬಿ ಮೆಕೀಹನ್, ಮೈಕಲ್ ಟೇಟ್, ಕೆವಿನ್ ಮ್ಯಾಕ್ಸ್ ಮೂವರೂ ಜೊತೆಯಾದದ್ದು ವರ್ಜೀನಿಯಾದ ಲಿಂಚ್‌ಬರ್ಗಿನ ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ. ಬ್ಯಾಪ್ಟಿಸ್ಟ್ ಪಾದ್ರಿ, ಸಂಪ್ರದಾಯವಾದಿ ರಾಜಕಾರಣದ ಮುಂದಾಳು ಜೆರಿ ಫಾಲ್‌ವೆಲ್ ಕಟ್ಟಿದ ಸಂಸ್ಥೆ ಅದು. ಅಂದರೆ ಹಿಪ್ಪಿಗಳ ಬಿರುದನ್ನು ಮುಡಿಗೇರಿಸಿಕೊಂಡವರು ಬಂಡುಕೋರರ ಮಕ್ಕಳಲ್ಲ. ಮೊದಲು ರ್‍ಯಾಪ್ ಹಾಡುತ್ತಿದ್ದ ಇವರು 1995ರ ಹೊತ್ತಿಗೆ ಸಿಯಾಟಲ್‌ನ ಗ್ರಂಜ್ ಶೈಲಿಗೆ ಹೊರಳಿದರು. ಮೆಕೀಹನ್ ಮತ್ತು ಮಾರ್ಕ್ ಹೈಮರ್‌ಮನ್ ಬರೆದ ಹಾಡಿನಲ್ಲಿ ತಗ್ಗಿದ ದನಿಯ ಚರಣ, ಸಿಡಿಯುವ ಪಲ್ಲವಿ, ನಡುವೆ ರ್‍ಯಾಪ್. ಗ್ರಂಜ್ ಶೈಲಿಯ ನಿರ್ವಾಣ ತಂಡದ ನೆರಳು ಇದರ ಮೇಲಿದೆಯೆಂದು ಅಂದಿನಿಂದಲೂ ಹೇಳುತ್ತಾರೆ; ಅದು ಸುಳ್ಳೇನಲ್ಲ. ಸಾಹಿತ್ಯದಲ್ಲಿ ಹೊಟ್ಟೆಯ ಮೇಲೆ ಹಚ್ಚೆ ಹಾಕಿಸಿಕೊಂಡ ಬೀದಿ ಬೋಧಕನೊಬ್ಬ ಬರುತ್ತಾನೆ. ಅವನ ಬೆನ್ನಿಗೇ ತಲೆ ಕಳೆದುಕೊಂಡ ಸ್ನಾನಿಕ ಯೋಹಾನ ಬರುತ್ತಾನೆ. ನಗೆಪಾಟಲಿಗೂ ಹುತಾತ್ಮತೆಗೂ ಹೀಗೆ ಒಂದೇ ಉಸಿರಿನಲ್ಲಿ ಗಂಟುಹಾಕಿದ್ದು ಹಾಡಿನ ಜಾಣ್ಮೆ, ಅದರ ಅತಿರೇಕವೂ ಹೌದು.

ಅದೇ ಹೆಸರಿನ ಆಲ್ಬಮ್ ನವೆಂಬರ್ 21ರಂದು ಬಿಡುಗಡೆಯಾಗಿ, ಮೊದಲ ವಾರವೇ ಸುಮಾರು 85,000 ಪ್ರತಿ ಮಾರಾಟವಾಗಿ, ಬಿಲ್‌ಬೋರ್ಡ್ 200 ಪಟ್ಟಿಯ 16ನೇ ಸ್ಥಾನಕ್ಕೇ ನೇರವಾಗಿ ಏರಿತು. ಇದರಲ್ಲಿ ಲೆಕ್ಕಾಚಾರದ ಪಾಲೂ ಇದೆ. ಕ್ರೈಸ್ತ ಪುಸ್ತಕದಂಗಡಿಗಳ ಮಾರಾಟವನ್ನು, ಬಿಲ್‌ಬೋರ್ಡ್ ಪಟ್ಟಿಗೆ ಅಂಕಿ ಒದಗಿಸುತ್ತಿದ್ದ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಎಣಿಸತೊಡಗಿದ್ದು ಅದೇ ವರ್ಷ. ಅದುವರೆಗೆ ಹೊರಗಿನವರ ಕಣ್ಣಿಗೆ ಬೀಳದಿದ್ದ ಮಾರುಕಟ್ಟೆ ಏಕಾಏಕಿ ಅಂಕಿಗಳಲ್ಲಿ ಕಾಣಿಸಿಕೊಂಡಿತು. 1996ರಲ್ಲಿ ಕ್ರೈಸ್ತ ಸಂಗೀತದ ಡವ್ ಪ್ರಶಸ್ತಿ, ಮರುವರ್ಷ ಗ್ರ್ಯಾಮಿ ಬಂದವು. ಆದರೆ ಸಾಮಾನ್ಯ ಶ್ರೋತೃಗಳ ಹಾಟ್ 100 ಪಟ್ಟಿಯಲ್ಲಿ 29ನೇ ಸ್ಥಾನ ತಲುಪಿದ್ದು ಅದೇ ಆಲ್ಬಮ್‌ನ ಬೇರೊಂದು ಹಾಡು, ಮುನಿಸಿಕೊಂಡ ಗೆಳೆಯನಲ್ಲಿ ಕ್ಷಮೆ ಕೇಳುವ 'ಬಿಟ್ವೀನ್ ಯು ಅಂಡ್ ಮಿ'. ನಂಬಿಕೆಯ ಬಹಿರಂಗ ಘೋಷಣೆಯನ್ನು ಎದೆಗವಚಿಕೊಂಡವರು ಬಹುಪಾಲು ನಂಬಿದವರೇ.

ಹಾಗೆಂದು ಹಾಡನ್ನು ಬರಿಯ ಸರಕೆಂದು ತಳ್ಳಿಹಾಕುವುದು ಅನ್ಯಾಯ. ಶಾಲೆಯ ಕಾರಿಡಾರಿನಲ್ಲಿ ಗೆಳೆಯರ ಗೇಲಿಗೆ ಅಂಜುವ ಹದಿಹರೆಯದವರಿಗೆ ಆ ಅಂಜಿಕೆ ನಿಜವೇ. ಆದರೆ ಗೇಲಿ ಬೇರೆ, ಸೆರೆಮನೆ ಬೇರೆ. ತಂಡ ಈ ಅಂತರವನ್ನು ಗಮನಿಸಿದಂತಿದೆ: 1999ರಲ್ಲಿ ಅದು ಹುತಾತ್ಮರ ಕುರಿತ 'ಜೀಸಸ್ ಫ್ರೀಕ್ಸ್' ಪುಸ್ತಕ ತಂದಾಗ ಕೈಜೋಡಿಸಿದ್ದು 'ವಾಯ್ಸ್ ಆಫ್ ದ ಮಾರ್ಟರ್ಸ್' ಸಂಸ್ಥೆಯೊಡನೆ. ಆ ಸಂಸ್ಥೆಯನ್ನು ಕಟ್ಟಿದ ರಿಚರ್ಡ್ ವುರ್ಮ್‌ಬ್ರಾಂಡ್, ತಮ್ಮ ನಂಬಿಕೆಗಾಗಿ ಕಮ್ಯುನಿಸ್ಟ್ ರುಮೇನಿಯಾದ ಜೈಲುಗಳಲ್ಲಿ 14 ವರ್ಷ ಕಳೆದವರು.